ನೂರಕ್ಕೆ ನೂರು ಒಪ್ಪಿಗೆ

ಮಂಡೇ ಕ್ರೀಕ್‌ನ ಚಿನ್ನದ ಗುಂಡಿಗಳ ಪಕ್ಕದಲ್ಲಿ ನಾನು ಏಳು ವರ್ಷ ಅಡುಗೆ ಮಾಡಿದೆ. ಇಪ್ಪತ್ತಾರು ಗಂಡಸರು, ದಿನಕ್ಕೆ ಮೂರು ಹೊತ್ತು. ಈಗ ಪರಿಕಾ ಪೇಟೆಯಲ್ಲಿ ನನ್ನದೇ ಊಟದಂಗಡಿ ಇದೆ. ತಲೆಯ ಮೇಲೆ ತಗಡು, ನಲ್ಲಿಯಲ್ಲಿ ನೀರು. ಯಾವುದಕ್ಕೂ ಕೊರತೆಯಿಲ್ಲ. ಆದರೂ ಬೆಳಿಗ್ಗೆ ಒಲೆ ಹಚ್ಚುವಾಗ ಮೂಗಿಗೆ ಬರುವುದು ಆ ಕಾಡಿನ ವಾಸನೆಯೇ: ಒದ್ದೆ ಸೌದೆ, ಡೀಸೆಲ್, ಕೆಸರು, ಉಪ್ಪುಮೀನು. ಹಾಳು ಜಾಗ ಅದು, ಸುಳ್ಳು ಯಾಕೆ ಹೇಳಲಿ. ಸೊಳ್ಳೆ, ಹಾವು, ಕುಡುಕರು. ಗಯಾನಾದ ಗಂಡಸರಿಗೆಲ್ಲ ಒಮ್ಮೆಯಾದರೂ ಕಾಡಿಗೆ ಹೋಗಿ ಚಿನ್ನ ಅಗೆಯುವ ಹುಚ್ಚು ಹತ್ತುತ್ತದೆ. ಆ ಹುಚ್ಚರಿಗೆ ಅನ್ನ ಬೇಯಿಸುವುದು ನನ್ನ ಪಾಲಿಗೆ ಬಂದಿತ್ತು. ಆದರೆ ಅಲ್ಲಿ ನನ್ನ ಕಣ್ಣಿಗೆ ಒಂದು ಬೆಲೆ ಇತ್ತು. ಈಗ ಗಿರಾಕಿಗಳು ನನ್ನ ಕೈರುಚಿ ಹೊಗಳುತ್ತಾರೆ. ಕಣ್ಣನ್ನು ಯಾರೂ ಕೇಳುವುದಿಲ್ಲ.

ಶಿಬಿರದಲ್ಲಿ ನಾನು ಅಡುಗೆಯವಳಷ್ಟೇ ಅಲ್ಲ, ಮಲೇರಿಯಾ ಪರೀಕ್ಷೆ ಮಾಡುವವಳೂ ಆಗಿದ್ದೆ. ಗುಂಡಿಯವರು ಇಂದು ಬಂದು ನಾಳೆ ಹೋಗುತ್ತಾರೆ, ಅಡುಗೆಯವಳು ಒಲೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಆರೋಗ್ಯದವರಿಗೆ ತಿಳಿದಿತ್ತು. ಬಾರ್ಟಿಕಾ ಪಟ್ಟಣದಲ್ಲಿ ನಾಲ್ಕು ದಿನ ಕೂರಿಸಿ ಕಲಿಸಿದರು. ಬೆರಳು ಚುಚ್ಚಬೇಕು, ಒಂದು ಹನಿ ರಕ್ತವನ್ನು ಬೆರಳುದ್ದದ ಬಿಳಿ ಪಟ್ಟಿಯ ಕಿಂಡಿಗೆ ಹಾಕಬೇಕು, ಪುಟ್ಟ ಸೀಸೆಯ ದ್ರವ ಹನಿಸಬೇಕು, ಹದಿನೈದು ನಿಮಿಷ ಕಾಯಬೇಕು. ಒಂದು ಗೆರೆ ಬಂದರೆ ಪಟ್ಟಿ ಸರಿಯಿದೆ, ರೋಗವಿಲ್ಲ. ಎರಡನೆಯ ಗೆರೆಯೂ ಬಂದರೆ ಮಲೇರಿಯಾ. ಅರ್ಧ ಗಂಟೆ ದಾಟಿದ ಮೇಲೆ ಬರುವ ಗೆರೆಯನ್ನು ನಂಬಬಾರದು. ಪಟ್ಟಿ ಒಣಗುವಾಗ ಇಲ್ಲದ ಗೆರೆಯೂ ಮೂಡುತ್ತದೆ.

ಕಲಿಸಿದವರಲ್ಲಿ ಒಬ್ಬರು ಮಿಸ್ಟರ್ ಪೆಡ್ರೊ. ಕಾಡಿನ ಮೂಲದವರು, ಪಟಮೋನ ಜನ. ಮೂವತ್ತೆಂಟು ವರ್ಷ ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿ ನೋಡಿ, ಊಟ ಮಾಡುವಾಗಲೂ ಅವರ ಎಡಗಣ್ಣು ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ನಾನು ಮೊದಲ ಸಲ ಬೆರಳು ಚುಚ್ಚಿದ್ದನ್ನು ನೋಡಿ ಅವರು, "ಮಿಸ್ ವೇವ್ನಿ, ಕೋಳಿ ಕುಯ್ತಿದೀರಾ?" ಎಂದಿದ್ದರು. ಅಂದಿನಿಂದಲೇ ನನಗೆ ಅವರ ಮೇಲೆ ಸಿಟ್ಟು.

ಮೂರನೆಯ ವರ್ಷ ಫೋನು ಬಂತು. ಮಾತನಾಡುವ ಫೋನಲ್ಲ, ಪಟ್ಟಿ ಓದುವ ಫೋನು. ಅದರ ಪದ್ಧತಿ ಹೀಗಿತ್ತು. ಮೊದಲು ನಾನು ಪಟ್ಟಿ ನೋಡಿ ನನಗೆ ಕಂಡದ್ದನ್ನು ಒತ್ತಬೇಕು: ಗೆರೆ ಇದೆ, ಅಥವಾ ಇಲ್ಲ. ಆಮೇಲೆ ಪಟ ತೆಗೆಯಬೇಕು. ಫೋನು ಪಟ ನೋಡಿ ತನ್ನ ತೀರ್ಪು ಹೇಳುತ್ತದೆ. ಇಬ್ಬರದೂ ಒಂದೇ ಆದರೆ ಹಸಿರು. ಬೇರೆಯಾದರೆ ಕೆಂಪು, ಆಗ ಪಟ ದೋಣಿಗಟ್ಟೆಯ ಆರೋಗ್ಯ ಕೊಠಡಿಗೆ ಹೋಗುತ್ತದೆ. ಅಲ್ಲಿ ಮಿಸ್ಟರ್ ಪೆಡ್ರೊ ನೋಡಿ ಮೂರನೆಯ ತೀರ್ಪು ಕೊಡುತ್ತಾರೆ. ಹಸಿರು ಬಂದವುಗಳಲ್ಲಿ ಹತ್ತಕ್ಕೊಂದನ್ನು ಮಾತ್ರ ಅವರು ತೆರೆದು ನೋಡುತ್ತಿದ್ದರು. ಪಟ ಹೋಗಬೇಕಾದರೆ ನಾನು ಹತ್ತು ನಿಮಿಷ ನಡೆದು ಫಿಜುಲನ ಅಂಗಡಿಗೆ ಹೋಗಬೇಕು. ಆಕಾಶದಿಂದ ಇಂಟರ್ನೆಟ್ ಹಿಡಿಯುವ ತಟ್ಟೆ ಇದ್ದದ್ದು ಅವನ ಸೂರಿನ ಮೇಲೆ ಮಾತ್ರ. ಉತ್ತರ ಬರಲು ಎಷ್ಟೋ ಸಲ ಅರ್ಧ ದಿನ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಜ್ವರದವನು ಗುಂಡಿಗಿಳಿಯುವಂತಿಲ್ಲ, ಮಾತ್ರೆಯೂ ಇಲ್ಲ. ಸುಮ್ಮನೆ ನನ್ನ ಬೆಂಚಿನ ಮೇಲೆ ಕೂರಬೇಕು.

ಗಂಡಸರು ಸುಮ್ಮನೆ ಕೂರುತ್ತಾರೆಯೇ? ಮೈಲೋ ಎಂಬ ಬಿಸಿ ಕೋಕೋ ಪಾನೀಯ ಪಣವಿಟ್ಟು ಪಂಥ ಕಟ್ಟತೊಡಗಿದರು.

"ಈ ಸಲ ಆಂಟಿನೋ, ಫೋನೋ?"

"ಫೋನು. ಒಂದು ಲೋಟ ಮೈಲೋ."

"ನಾನು ಆಂಟಿ ಕಡೆ," ಎನ್ನುತ್ತಿದ್ದವನು ಆಸ್ರಿಕ್ ಒಬ್ಬನೇ. ನೀರಿನ ಕೊಳವೆ ಹಿಡಿದು ಗುಂಡಿಯ ಗೋಡೆ ಕೊರೆಯುವವನು, ಬಕ್ಸ್‌ಟನ್ ಊರಿನವನು, ಮೂವತ್ತೊಂದರ ಪ್ರಾಯ. ಯಂತ್ರದ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವನ ಪಿಸುಮಾತೂ ಆಚೆ ದಡಕ್ಕೆ ಕೇಳುತ್ತಿತ್ತು. "ನನ್ ದಾಲ್‌ನಲ್ಲಿ ಕಲ್ಲು ಇದ್ಯೋ ಇಲ್ವೋ ಅಂತ ಮೂರ್ ವರ್ಷದಿಂದ ನೋಡ್ತಿರೋ ಕಣ್ಣು ಅದು. ಫೋನ್ ಯಾವತ್ತಾದ್ರೂ ಅಕ್ಕಿ ಆರ್ಸಿದ್ಯೇನ್ರೋ?"

ಪಾಪ, ಅವನು ಬಹಳ ಮೈಲೋ ಕಳೆದುಕೊಂಡ. ಮೊದಲ ಎರಡು ತಿಂಗಳಲ್ಲಿ ಒಂಬತ್ತು ಸಲ ಕೆಂಪು ಬಂತು. ಏಳು ಸಲ ಪೆಡ್ರೊ ಫೋನಿನ ಪರ ಹೇಳಿದರು. ಅದರಲ್ಲಿ ನಾಲ್ಕು ನನ್ನದೇ ತಪ್ಪು, ಈಗ ಒಪ್ಪುತ್ತೇನೆ. ಪಟ್ಟಿ ಇಟ್ಟು ಹಿಟ್ಟಿನ ಉಂಡೆ ಕುದಿಸಲು ಹೋಗಿ, ಮುಕ್ಕಾಲು ಗಂಟೆಯ ಮೇಲೆ ಬಂದು ನೋಡಿ, ಒಣಗೆರೆಯನ್ನು ರೋಗದ ಗೆರೆ ಎಂದಿದ್ದೆ. ಉಳಿದ ಮೂರರಲ್ಲಿ ನನಗೆ ಗೆರೆ ಸರಿಯಾಗಿಯೇ ಕಂಡಿತ್ತು. ಹೊತ್ತಿಗೆ ಸರಿಯಾಗಿ ನೋಡಿದ್ದೆ. ಆದರೂ ಅವರು 'ಇಲ್ಲ' ಎಂದರು. ಆ ಮೂವರೂ ಬ್ರೆಜಿಲಿನವರು, ವಾರದೊಳಗೆ ಬೇರೆ ಶಿಬಿರಕ್ಕೆ ಹೋದರು. ನಾನು ಬೈದುಕೊಂಡು ಸುಮ್ಮನಾದೆ.

ಆಮೇಲೆ ಬಂದದ್ದು ಆ ಭಾನುವಾರ. ಫಿಜುಲನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಫೋನು ತೆರೆದು ಕೂತಿದ್ದೆ, ಪೆಡ್ರೊ ಅವರಿಂದ ಒಂದು ಉದ್ದನೆಯ ಟಿಪ್ಪಣಿ ಬಂದು ಬಿತ್ತು. ಫಿಜುಲ್ ನನ್ನ ಹೆಗಲ ಮೇಲಿಂದ ಬಗ್ಗಿ, ಮಸೀದಿಯಲ್ಲಿ ಓದುವವನ ಹಾಗೆ ಗಟ್ಟಿಯಾಗಿ ಓದಿದ.

"ಮಿಸ್ ವೇವ್ನಿ, ನೀವು ಕಳಿಸುತ್ತಿರುವುದೆಲ್ಲ ನೀಲಿ ಚಿತ್ರ..."

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಅಂಗಡಿಯೇ ಕುಸಿದು ಬೀಳುವಂತೆ ನಕ್ಕರು. ಒಬ್ಬನಂತೂ ಬಿಯರ್ ಕ್ರೇಟಿನ ಮೇಲಿಂದ ಕೆಳಗೆ ಬಿದ್ದು ಅಲ್ಲಿಂದಲೇ ನಗುತ್ತಿದ್ದ.

"ಆಂಟಿ! ಮುದುಕಪ್ಪಂಗೆ ನೀಲಿ ಚಿತ್ರ ಕಳಿಸ್ತಿದೀರಾ?"

"ಅದಕ್ಕೇ ಅವ್ರಿಗೆ ಒಂದು ಕಣ್ಣು ಮುಚ್ಚಿರೋದು! ಇನ್ನೊಂದ್ರಲ್ಲಿ ನೋಡ್ತಿರ್ತಾರೆ!"

"ನಮ್ಗೂ ಒಂದೆರಡು ತೋರ್ಸಿ ಆಂಟಿ, ನಾವೇನ್ ಪಾಪ ಮಾಡಿದೀವಿ?"

ಎದುರಿಗೆ ಸಿಕ್ಕ ಸಕ್ಕರೆ ಡಬ್ಬ ತೆಗೆದು ಎಸೆದೆ. ಯಾರಿಗೂ ತಾಗಲಿಲ್ಲ, ಸಕ್ಕರೆ ಮಾತ್ರ ಚೆಲ್ಲಿತು. ಟಿಪ್ಪಣಿಯ ಉಳಿದ ಭಾಗ ಓದದೆ ಫೋನು ಮುಚ್ಚಿದೆ. ನಲವತ್ತನಾಲ್ಕು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ. ತಿಂಗಳುಗಟ್ಟಲೆ ನನ್ನನ್ನು 'ನೀಲಿ ಆಂಟಿ' ಎಂದೇ ಕರೆದರು.

ಆ ಮನುಷ್ಯನ ಒಂದು ಅಕ್ಷರವನ್ನೂ ಇನ್ನು ಓದುವುದಿಲ್ಲ ಎಂದು ಅಂದೇ ಆಣೆ ಮಾಡಿದೆ. ಅವರ ಟಿಪ್ಪಣಿ ಬರಬಾರದು ಎಂದರೆ ಕೆಂಪು ಬರಬಾರದು. ಕೆಂಪು ಬರಬಾರದು ಎಂದರೆ ನಾನು ಫೋನಿನ ಮಾತನ್ನೇ ಹೇಳಬೇಕು. ಆದರೆ ಫೋನು ನನ್ನ ಮಾತು ಕೇಳುವ ಮೊದಲು ತನ್ನದನ್ನು ಹೇಳುವುದಿಲ್ಲವಲ್ಲ.

ಅದಕ್ಕೂ ದಾರಿ ಸಿಕ್ಕಿತು. ಹೊಸಬರು ಕಲಿಯಲೆಂದು ಫೋನಿನಲ್ಲಿ 'ಅಭ್ಯಾಸ' ಎಂಬ ಕೋಣೆಯೊಂದಿತ್ತು. ಅಲ್ಲಿ ಪಟ ತೆಗೆದರೆ ಫೋನು ತನ್ನ ತೀರ್ಪು ಹೇಳುತ್ತಿತ್ತು, ಎಲ್ಲಿಯೂ ಬರೆದಿಡುತ್ತಿರಲಿಲ್ಲ. ನಾನು ಮೊದಲು ಅಭ್ಯಾಸದಲ್ಲಿ ಪಟ ತೆಗೆದು, ಅದು ಏನೆನ್ನುತ್ತದೋ ನೋಡಿ, ಆಮೇಲೆ ನಿಜವಾದ ಕೋಣೆಗೆ ಬಂದು ಅದನ್ನೇ ನನ್ನ ಕಣ್ಣಿನ ಮಾತೆಂದು ಒತ್ತತೊಡಗಿದೆ. ಹಸಿರು. ಮತ್ತೆ ಹಸಿರು. ಯಾರೂ ಬೆಂಚಿನ ಮೇಲೆ ಕಾಯಲಿಲ್ಲ, ಯಾರೂ ಪಂಥ ಕಟ್ಟಲಿಲ್ಲ, ನನ್ನ ದಾಲ್ ಒಮ್ಮೆಯೂ ಸೀದುಹೋಗಲಿಲ್ಲ.

ಮೊದಮೊದಲು ಪಟ್ಟಿಯನ್ನು ನೋಡಿ, ನನ್ನದೊಂದು ತೀರ್ಮಾನ ಮಾಡಿಕೊಂಡು ಆಮೇಲೆ ಅಭ್ಯಾಸಕ್ಕೆ ಹೋಗುತ್ತಿದ್ದೆ. ಆಮೇಲಾಮೇಲೆ ಪಟ್ಟಿಯನ್ನು ನೋಡುವುದನ್ನೇ ಬಿಟ್ಟೆ. ಪಟ ಸರಿಯಾಗಿ ಚೌಕದೊಳಗೆ ಕೂತಿದೆಯೇ ಎಂದಷ್ಟೇ ನೋಡುತ್ತಿದ್ದೆ.

ಒಂದು ದಿನ ಫಿಜುಲ್ ಹೇಳಿದ, "ಆಂಟಿ, ಪೆಡ್ರೊ ನನ್ ಫೋನಿಗೇ ಮಾಡಿದ್ರು. ನೀವು ಅವ್ರ ಟಿಪ್ಪಣಿ ತೆಗೀತಾನೇ ಇಲ್ವಂತೆ. ನೂರಕ್ಕೆ ನೂರು ಒಪ್ಪಿಗೆ ಬರ್ತಿದೆ, ಏನ್ ವಿಷ್ಯ ಅಂತ ಕೇಳಿದ್ರು."

"ಫೋನು ನನ್ನ ನೋಡಿ ಕಲ್ತಿದೆ ಅಂತ ಹೇಳು."

"ಹಂಗೇ ಹೇಳ್ಲಾ?"

"ಹಂಗೇ ಹೇಳು. ನಿನ್ನ ಉಪ್ಪು ಸೇರಿಸ್ಬೇಡ."

ಹೀಗೆ ಏಳು ತಿಂಗಳು ಕಳೆಯಿತು.

ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಆಸ್ರಿಕ್ ಅಡುಗೆ ಸೂರಿನೊಳಗೆ ಬಂದ. ಅಷ್ಟು ಹೊತ್ತಿಗೆ ಅವನು ಸ್ನಾನ ಮಾಡಿ, ಒಳ್ಳೆ ಅಂಗಿ ಹಾಕಿ, ಚೀಲ ಕಟ್ಟಿಕೊಂಡಿದ್ದ. ಭಾನುವಾರ ಅವನ ಮಗಳ ನಾಮಕರಣ, ಚರ್ಚಿನಲ್ಲಿ. ಏಳು ತಿಂಗಳ ಕೂಸು. ಅವನು ಇನ್ನೂ ಮುಖ ನೋಡಿರಲಿಲ್ಲ. ಹನ್ನೆರಡಕ್ಕೆ ಟ್ರ್ಯಾಕ್ಟರ್ ಹೊರಟರೆ ನಾಲ್ಕಕ್ಕೆ ದೋಣಿಗಟ್ಟೆ. ಟ್ರ್ಯಾಕ್ಟರ್ ತಲುಪಿದ ಕೂಡಲೇ ದೋಣಿ ಬಿಡುತ್ತದೆ. ಆಮೇಲೆ ಬಾರ್ಟಿಕಾದವರೆಗೆ ಮಝರೂನಿ ನದಿಯ ಉದ್ದಕ್ಕೂ ಔಷಧಿ ಕೊಡುವವರು ಒಬ್ಬರೂ ಇಲ್ಲ. ಹಿಂದಿನ ವರ್ಷ ಕೆರೋನ್ ಎಂಬುವನು ಜ್ವರ ಮುಚ್ಚಿಟ್ಟುಕೊಂಡು ಆ ದೋಣಿ ಹತ್ತಿದ್ದ. ಬಾರ್ಟಿಕಾದಲ್ಲಿ ಇಳಿಸಿದ್ದು ಹೆಣವನ್ನು.

"ಆಂಟಿ, ಒಂಚೂರು ಬೆರಳು ಚುಚ್ಚಿ. ಮೈ ಬಿಸಿ ಇದೆ. ಜ್ವರ ಹೊತ್ಕೊಂಡ್ ಹೋದ್ರೆ ಹೆಂಡ್ತಿ ಕೂಸು ಮುಟ್ಟೋಕೂ ಬಿಡಲ್ಲ."

"ನಡುಗ್ತಿದೀಯಲ್ಲೋ."

"ತಣ್ಣೀರ್ ಸ್ನಾನ ಮಾಡಿದೀನಿ. ನಿಮ್ ಹಂಗೆ ವಾರಕ್ಕೊಂದ್ ಸಲ ಅಲ್ಲ."

"ಬಾಯ್ ಮುಚ್ಕೊಂಡು ಕೈ ಕೊಡು."

ಹನ್ನೊಂದಕ್ಕೆ ಸರಿಯಾಗಿ ಹದಿನೈದು ನಿಮಿಷವಾಯಿತು. ಅವನು ಆಸ್ರಿಕ್ ಆದ್ದರಿಂದಲೋ ಏನೋ, ಎಷ್ಟೋ ದಿನಗಳ ಮೇಲೆ ಅಂದು ನಾನು ಪಟ್ಟಿಯನ್ನು ನಿಜವಾಗಿ ನೋಡಿದೆ. ಮೊದಲ ಗೆರೆ ದಪ್ಪಗಿತ್ತು. ಎರಡನೆಯ ಗೆರೆಯ ಜಾಗದಲ್ಲಿ ಏನೋ ಇತ್ತು. ಗೆರೆ ಎನ್ನುವಷ್ಟಿಲ್ಲ, ತಟ್ಟೆ ತೊಳೆದ ಮೇಲೂ ಉಳಿಯುವ ಅರಿಸಿನದ ಕಲೆಯಷ್ಟು. ತಲೆ ಓರೆ ಮಾಡಿ ನೋಡಿದೆ. ಇತ್ತು. ಅಭ್ಯಾಸದಲ್ಲಿ ಪಟ ತೆಗೆದೆ. ಫೋನು 'ಇಲ್ಲ' ಎಂದಿತು.

'ಇದೆ' ಎಂದು ಒತ್ತಿದರೆ ಕೆಂಪು. ಕೆಂಪು ಬಂದರೆ ಇವನು ಇಲ್ಲೇ ಕಾಯಬೇಕು, ಟ್ರ್ಯಾಕ್ಟರ್ ತಪ್ಪುತ್ತದೆ, ನಾಮಕರಣ ತಪ್ಪುತ್ತದೆ. ಕೊನೆಗೆ ಆ ಮುದುಕ ಫೋನಿನ ಪರವೇ ಹೇಳುತ್ತಾನೆ. ಅಂಗಡಿಯಲ್ಲಿ ಮತ್ತೆ ನೀಲಿ ಚಿತ್ರ ಶುರು. ಇಷ್ಟೆಲ್ಲ ಯೋಚಿಸಲು ನನಗೆ ಎರಡು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. 'ಇಲ್ಲ' ಎಂದು ಒತ್ತಿದೆ. ನಿಜವಾದ ಪಟ ತೆಗೆದೆ. ಹಸಿರು.

"ಏನಂತೆ?" ಎಂದ ಆಸ್ರಿಕ್.

"ಇಲ್ಲ."

"ಫೋನ್ ಹೇಳಿದ್ದಾ, ನೀವ್ ಹೇಳಿದ್ದಾ?"

"ಇಬ್ರೂ."

"ಹಂಗಾದ್ರೆ ಸರಿ. ನೀವ್ ಹೇಳಿದ್ರೆ ಸಾಕು." ನನ್ನ ಕೆನ್ನೆಗೊಂದು ಮುತ್ತು ಕೊಟ್ಟು, ಎಣ್ಣೆಯಲ್ಲಿ ಕರಿದ ಎರಡು ಬಿಸಿ ಬೇಕ್ ರೊಟ್ಟಿ ಜೇಬಿಗಿಳಿಸಿಕೊಂಡು ಹೊರಟ.

ಮಧ್ಯಾಹ್ನದ ಪಾತ್ರೆ ತೊಳೆದು ಮುಗಿಸಿ, ಒಂದೂವರೆಯ ಹೊತ್ತಿಗೆ ಬಳಸಿದ ಪಟ್ಟಿಗಳ ತಗಡಿನ ಡಬ್ಬ ಎತ್ತಿಕೊಂಡು ಸುಡುವ ಗುಂಡಿಗೆ ಹೋದೆ. ಸೂರಿನ ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಡಬ್ಬ ಬಗ್ಗಿಸುವಾಗ ಆಸ್ರಿಕ್‌ನ ಹೆಸರು ಬರೆದ ಪಟ್ಟಿ ಮೇಲೇ ಇತ್ತು. ಕೈಯಲ್ಲಿ ಹಿಡಿದೆ. ಎರಡು ಗೆರೆ. ಎರಡನೆಯದು ತೆಳ್ಳಗಿತ್ತು, ಆದರೆ ಕುರುಡನಿಗೂ ಕಾಣುವಂತಿತ್ತು.

ಸೂರಿನ ಕೆಳಗೆ ಮತ್ತೆ ತಂದು ನೋಡಿದೆ. ಗೆರೆ ಮಾಯ, ತಲೆ ಓರೆ ಮಾಡಿದರೆ ಮಾತ್ರ ಕಲೆ. ಹೊರಗೆ ಒಯ್ದೆ, ಬಂತು. ಮೇಲೆ ನೋಡಿದೆ. ನಮ್ಮ ಅಡುಗೆ ಸೂರು ಎಂದರೆ ನಾಲ್ಕು ಕಂಬಕ್ಕೆ ಕಟ್ಟಿದ ನೀಲಿ ಟಾರ್ಪಾಲು. ಅದರಡಿ ಅನ್ನ ನೀಲಿ, ಹಿಟ್ಟು ನೀಲಿ, ನನ್ನ ಕೈ ನೀಲಿ. ಮೂರು ವರ್ಷದಿಂದ ಆ ಬೆಳಕಿನಲ್ಲೇ ಬದುಕಿ ನನ್ನ ಕಣ್ಣು ಅದನ್ನು ಮರೆತೇಬಿಟ್ಟಿತ್ತು. ಫೋನಿನ ಕಣ್ಣು ಮರೆಯುವುದಿಲ್ಲವಲ್ಲ. ಆ ಎಳೆಗೆಂಪು ಗೆರೆಯನ್ನು ನೀಲಿ ನುಂಗಿಹಾಕುತ್ತಿತ್ತು.

ನೀಲಿ ಚಿತ್ರ. ಅಯ್ಯೋ ದೇವರೇ ಎಂದು ಅಲ್ಲೇ ಕೂತುಬಿಟ್ಟೆ.

ಆದರೆ ಪಟ್ಟಿಗೆ ಆಗಲೇ ಎರಡೂವರೆ ಗಂಟೆ ಆಗಿತ್ತು. ಈಗ ಕಾಣುವ ಗೆರೆ ಒಣಗೆರೆಯೂ ಆಗಿರಬಹುದು, ಅದಕ್ಕೆ ಬೆಲೆಯಿಲ್ಲ. ಬೆಲೆ ಇದ್ದದ್ದು ಹದಿನೈದನೆಯ ನಿಮಿಷಕ್ಕೆ ನಾನು ಕಂಡದ್ದಕ್ಕೆ. ಅದನ್ನು ನಾನು ಬರೆದಿರಲಿಲ್ಲ. ಬರೆದದ್ದು ಅದರ ತಿರುಗಾಮುರುಗಾ.

ಫಿಜುಲನ ಅಂಗಡಿಗೆ ಓಡಿದೆ. ಈ ಮೈ ಹೊತ್ತುಕೊಂಡು ಓಡಿದ್ದು ಅದೇ ಕೊನೆ. ಅಲ್ಲಿ ಐದಾರು ಜನ ಡೊಮಿನೊ ಆಡುತ್ತಿದ್ದರು.

"ಪೆಡ್ರೊಗೆ ಫೋನ್ ಹಚ್ಚು," ಎಂದೆ.

"ನೀಲಿ ಆಂಟಿಗೆ ಮುದುಕಪ್ಪನ ನೆನಪಾಯ್ತು ಕಣ್ರೋ..."

"ಫಿಜುಲ್. ಹಚ್ಚು."

ನನ್ನ ಮುಖ ನೋಡಿ ಹಚ್ಚಿದ. ಅಂಗಡಿಯ ಫೋನಿನಲ್ಲಿ ದನಿ ದೊಡ್ಡದಾಗಿ ಎಲ್ಲರಿಗೂ ಕೇಳುತ್ತಿತ್ತು, ಅದನ್ನು ತಗ್ಗಿಸಲು ಆ ಮುಟ್ಠಾಳನಿಗೆ ಬರುತ್ತಿರಲಿಲ್ಲ.

"ಮಿಸ್ಟರ್ ಪೆಡ್ರೊ, ಟ್ರ್ಯಾಕ್ಟರಲ್ಲಿ ಆಸ್ರಿಕ್ ಬರ್ತಿದಾನೆ. ಅವನನ್ನ ದೋಣಿ ಹತ್ತೋಕೆ ಬಿಡ್ಬೇಡಿ. ಮಲೇರಿಯಾ ಇದೆ."

"ಇರಿ, ನೋಡ್ತೀನಿ." ಪಟ ಹುಡುಕಿದರು. "ಈಗ ತಾನೇ ಬಂತು ನಿಮ್ಮ ಪಟ. ನೀವು ಇಲ್ಲ ಅಂದಿದೀರಿ, ಫೋನೂ ಇಲ್ಲ ಅಂದಿದೆ. ಹಸಿರಿದೆಯಲ್ಲ ಮಿಸ್ ವೇವ್ನಿ?"

"ಅದು ಸುಳ್ಳು."

"ಫೋನು ತಪ್ಪು ಓದಿದ್ಯಾ?"

"ಫೋನು ತಪ್ಪು ಓದಿದೆ. ನಾನು ಸುಳ್ಳು ಒತ್ತಿದೀನಿ. ನಂಗೆ ಗೆರೆ ಕಂಡಿತ್ತು."

ಡೊಮಿನೊ ಕಾಯಿಗಳ ಸದ್ದು ನಿಂತಿತು.

"ಕಂಡಿದ್ರೆ ಯಾಕೆ ಇಲ್ಲ ಅಂದ್ರಿ?"

"ಫೋನ್ ಇಲ್ಲ ಅಂತು, ಅದಕ್ಕೆ. ಅಭ್ಯಾಸದ ಕೋಣೇಲಿ ಮೊದ್ಲು ಅದನ್ನ ಕೇಳಿ, ಆಮೇಲೆ ಅದು ಹೇಳಿದ್ದನ್ನೇ ನಾನು ಒತ್ತುತೀನಿ."

"ಎಷ್ಟು ದಿನದಿಂದ?"

"ಏಳು ತಿಂಗಳು."

ಆಮೇಲೆ ಬಂದ ದನಿಯಲ್ಲಿ ಮಿಸ್ಸೂ ಇರಲಿಲ್ಲ, ಬಹುವಚನವೂ ಇರಲಿಲ್ಲ. "ನಿನ್ನನ್ನ ಅಲ್ಲಿ ಕೂರ್ಸಿದ್ದು ಯಾಕೆ ವೇವ್ನಿ? ನೀನೇನು ಹೆಂಗ್ಸೋ, ಕನ್ನಡಿಯೋ? ಅದು ಹೇಳಿದ್ದೇ ನೀನೂ ಹೇಳೋದಾದ್ರೆ ಗೋಡೆಗೆ ಒಂದು ಮೊಳೆ ಹೊಡ್ದು ಫೋನ್ ನೇತು ಹಾಕಿದ್ರೆ ಸಾಕಿತ್ತಲ್ಲ! ನಾನೂ ನನ್ನ ಹೆಂಡ್ತಿ ನಲವತ್ತು ವರ್ಷ ಬಾಳಿದೀವಿ, ನೂರಕ್ಕೆ ಐವತ್ತೂ ಒಪ್ಪಿಲ್ಲ. ನೂರಕ್ಕೆ ನೂರು ಬಂದಾಗ್ಲೇ ನಾನು ಎದ್ದು ಬರ್ಬೇಕಿತ್ತು. ನಂದೂ ತಪ್ಪು."

"ಬೈಯೋದು ಆಮೇಲೆ ಬೈರಿ. ಅವನನ್ನ ಇಳಿಸ್ಕೊಳ್ಳಿ."

"ಹೆಂಗೆ ಇಳಿಸ್ಲಿ? ದೋಣಿಯವನು ಯಾರಿಗೂ ಕಾಯಲ್ಲ. ಆಸ್ರಿಕ್ ಕೇಳ್ತಾನೆ, ಆಂಟಿ ಇಲ್ಲ ಅಂದ್ರು, ಫೋನ್ ಇಲ್ಲ ಅಂತು, ನೀನ್ಯಾರು ಅಂತಾನೆ. ನಾನು ಏನ್ ಹೇಳ್ಲಿ?"

ನಾನು ಫಿಜುಲನ ಅಂಗಡಿಯಲ್ಲಿದ್ದ ಎಲ್ಲರ ಮುಖ ನೋಡಿದೆ. ಅವರೆಲ್ಲರ ಬೆರಳನ್ನೂ ನಾನು ಚುಚ್ಚಿದ್ದೆ.

"ಮಂಡೇ ಕ್ರೀಕ್‌ನ ಅಡುಗೆಯೋಳು ಸುಳ್ಳುಗಾತಿ ಅಂತ ಹೇಳಿ. ಅವಳು ಕಂಡಿದ್ದನ್ನ ಬರೆದಿಲ್ಲ ಅಂತ ಎಲ್ಲರೆದ್ರಿಗೂ ಕೂಗಿ ಹೇಳಿ. ನಾನ್ ಹೇಳಿದೀನಿ ಅಂತಲೇ ಹೇಳಿ."

ಫೋನು ಕಟ್ಟಾಯಿತು. ಸಂಜೆಯವರೆಗೆ ಮಾಡಲು ಏನೂ ಇರಲಿಲ್ಲ. ನಾನು ಕ್ರೇಟಿನ ಮೇಲೆ ಕೂತೆ. ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಫಿಜುಲ್ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟು, "ಆ ಟಿಪ್ಪಣಿ ಉಳಿದಿದ್ದನ್ನಾದ್ರೂ ಈಗ ಓದಿ ಆಂಟಿ," ಎಂದ. ತೆರೆದೆ. ನಾನೇ ಓದಿದೆ, ನಿಧಾನವಾಗಿ, ಬೆರಳಿಟ್ಟು.

"ಮಿಸ್ ವೇವ್ನಿ, ನೀವು ಕಳಿಸುತ್ತಿರುವುದೆಲ್ಲ ನೀಲಿ ಚಿತ್ರ. ಟಾರ್ಪಾಲಿನ ಕೆಳಗೆ ತೆಗೆಯುತ್ತಿದ್ದೀರಿ ಅನ್ನಿಸುತ್ತದೆ. ಆ ಬಣ್ಣದಲ್ಲಿ ಯಂತ್ರಕ್ಕೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಹೋದ ತಿಂಗಳು ಮೂರು ಸಲ ನಾನು ನಿಮ್ಮ ವಿರುದ್ಧ ಹೇಳಿದೆ. ಅವರಲ್ಲಿ ಇಬ್ಬರು ಜ್ವರದಲ್ಲಿ ಇಲ್ಲಿಗೆ ಬಂದರು. ರಕ್ತ ನೋಡಿದೆ. ರೋಗ ಇತ್ತು. ಮೂರನೆಯವನು ಸಿಕ್ಕಿಲ್ಲ, ಹುಡುಕಿಸುತ್ತಿದ್ದೇನೆ. ನಿಮ್ಮ ಕಣ್ಣು ಸರಿ ಇತ್ತು, ನನ್ನ ತೀರ್ಪು ತಪ್ಪು. ಇನ್ನು ಮುಂದೆ ಬಿಸಿಲಿಗೆ ತಂದು ಪಟ ತೆಗೆಯಿರಿ. ನಿಮಗೆ ಕಂಡದ್ದನ್ನು ಯಾರಿಗೂ ಹೆದರದೆ ಒತ್ತಿ."

ಆ ಟಿಪ್ಪಣಿ ಏಳು ತಿಂಗಳು ನನ್ನ ಸೊಂಟದ ಚೀಲದಲ್ಲೇ ಇತ್ತು.

ಐದಕ್ಕೆ ಸ್ವಲ್ಪ ಮೊದಲು ಫೋನು ಕೂಗಿತು. ಮೊದಲು ಕೇಳಿದ್ದು ಆಸ್ರಿಕ್‌ನ ದನಿ, ಫೋನಿಲ್ಲದಿದ್ದರೂ ಕೇಳುತ್ತಿತ್ತೇನೋ.

"ಆಂಟಿ! ನನ್ ದೋಣಿ ಹೋಯ್ತು! ನನ್ನ ಚೀಲ ದೋಣೀಲೇ ಹೋಯ್ತು! ಈ ಮುದುಕ ನನ್ನ ಅಂಗಿ ಹಿಡ್ಕೊಂಡ್ ಎಳ್ದು ಇಳಿಸ್ದ! ನೀವು ಸುಳ್ಳುಗಾತಿ ಅಂತ ಹೇಳ್ತಾನೆ! ಒಂದು ಕೊಡೋಣ ಅಂತಿದ್ದೆ, ವಯಸ್ಸಾಗಿದೆ ಅಂತ ಬಿಟ್ಟೆ!"

"ಅವ್ರು ಹೇಳಿದ್ದು ನಿಜ ಕಣೋ."

ಅವನ ದನಿ ತಗ್ಗಿತು. ಆಸ್ರಿಕ್‌ನ ಮೆಲುದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಬೆಳಿಗ್ಗೆ ನನ್ನ ಕೇಳ್ದಾಗ?" ಎಂದ.

"ಹೌದು. ಸುಳ್ಳು ಹೇಳ್ದೆ."

ಪೆಡ್ರೊ ಫೋನು ಇಸಿದುಕೊಂಡರು. "ಹೊಸ ಪಟ್ಟಿ ಬಿಸಿಲಲ್ಲಿ ನೋಡಿದೆ. ರಕ್ತಾನೂ ನೋಡಿದೆ. ಇದೆ. ಸ್ವಲ್ಪವೇ, ಆದ್ರೆ ಕೆಟ್ಟ ಜಾತೀದು. ಮೊದಲ್ನೇ ಮಾತ್ರೆ ನುಂಗ್ಸಿದೀನಿ. ನಾಳೆ ರಾತ್ರಿ ಹೊತ್ತಿಗೆ ಅವನು ನಡು ನದೀಲಿ ನಡುಗ್ತಿದ್ದ." ಆಮೇಲೆ, "ಫೋನನ್ನ ಫಿಜುಲ್ ಕೈಲಿ ಕೊಡು. ನೀನು ಇವತ್ತಿಂದ ಅದನ್ನ ಮುಟ್ಬೇಡ."

ಆ ರಾತ್ರಿ ಇಪ್ಪತ್ತಾರು ಜನರಿಗೆ ಊಟವಿರಲಿಲ್ಲ. ಯಾರೂ ಕೇಳಲೂ ಇಲ್ಲ. ಬಿಸ್ಕತ್ತು ತಿಂದು ಮಲಗಿದರು.

ಆಸ್ರಿಕ್ ನಾಮಕರಣಕ್ಕೆ ತಲುಪಲಿಲ್ಲ. ಶನಿವಾರದ ದೋಣಿ ಹತ್ತಿ ಸೋಮವಾರ ಊರು ಸೇರಿದ. ಇಂದಿಗೂ ಪರಿಕಾಗೆ ಬಂದರೆ ನನ್ನ ಅಂಗಡಿಯಲ್ಲೇ ಉಣ್ಣುತ್ತಾನೆ, ಉಂಡು ಅದೇ ಮಾತೆತ್ತಿ ಬೈಯುತ್ತಾನೆ. ಬೈಯಲಿ. ಬೈಯುವ ಬಾಯಿ ಇದೆಯಲ್ಲ.

ಪೆಡ್ರೊ ನನಗೆ ವಿಧಿಸಿದ ಶಿಕ್ಷೆ ಎರಡು. ಮೊದಲನೆಯದು, ಆ ಏಳು ತಿಂಗಳಲ್ಲಿ ನಾನು 'ಇಲ್ಲ' ಎಂದ ಪ್ರತಿಯೊಬ್ಬನ ಬಳಿಗೂ ನಾನೇ ಹೋಗಿ, ಕಾರಣ ಹೇಳಿ, ಮತ್ತೆ ಪರೀಕ್ಷೆಗೆ ಕರೆಯಬೇಕು. ಎಂಬತ್ತಮೂರು ಹೆಸರು. ಹನ್ನೊಂದು ದಿನ ಕೆಸರು ತುಳಿದು ಶಿಬಿರದಿಂದ ಶಿಬಿರಕ್ಕೆ ನಡೆದೆ. ಕೆಲವರು ನಕ್ಕರು, ಒಬ್ಬ ಉಗಿದ. ನಾಲ್ಕು ಜನ ಸಿಗಲೇ ಇಲ್ಲ. ಆ ನಾಲ್ಕು ಹೆಸರು ನನಗೆ ಇನ್ನೂ ಬಾಯಿಪಾಠ ಇವೆ, ಯಾರಿಗೂ ಹೇಳುವುದಿಲ್ಲ.

ಎರಡನೆಯದು, ದೋಣಿಗಟ್ಟೆಯಲ್ಲಿ ಅವರ ಪಕ್ಕದಲ್ಲಿ ಒಂದು ತಿಂಗಳು ಕೂರಬೇಕು. ಅದನ್ನು ಶಿಕ್ಷೆ ಎಂದು ಅವರು ಕರೆದರು. ನನ್ನ ಬದುಕಿನ ಆ ಒಂದು ತಿಂಗಳನ್ನು ಯಾರಾದರೂ ಮತ್ತೆ ಕೊಡುತ್ತೇನೆಂದರೆ ಈ ಅಂಗಡಿಯನ್ನು ಬರೆದುಕೊಟ್ಟೇನು. ಪೆಡ್ರೊ ತೀರಿಕೊಂಡು ಈಗ ಮೂರು ವರ್ಷ.

ಬೆಳಿಗ್ಗೆ ಎಂಟಕ್ಕೆ ಕೂರುತ್ತಿದ್ದೆವು. ಬೇರೆ ಬೇರೆ ಶಿಬಿರಗಳ ಪಟಗಳು ಪರದೆಯ ಮೇಲೆ ಬರುತ್ತಿದ್ದವು. ಯಂತ್ರದ ತೀರ್ಪು ಬರುವ ಮೂಲೆಗೆ ಅವರು ಒಂದು ಹಳೆಯ ಬೆಂಕಿಪೊಟ್ಟಣದ ಹಾಳೆ ಅಂಟಿಸಿದ್ದರು. ಮೊದಲು ನಾನು ಹೇಳಬೇಕು, ಆಮೇಲೆ ಅವರು, ಕೊನೆಗೆ ಹಾಳೆ ಎತ್ತಬೇಕು. ಅವರ ಹೆಂಡತಿ ಮಿಸ್ ಫಿಲೊಮಿನಾ ಮಧ್ಯಾಹ್ನ ತೂಮ ತರುತ್ತಿದ್ದರು. ಮೀನು ಹಾಕಿದ ಖಾರದ ಸಾರು, ಅದರಲ್ಲಿ ಮರಗೆಣಸಿನ ರೊಟ್ಟಿ ಅದ್ದಿಕೊಂಡು ಮೂವರೂ ಮೂಗು ಒರೆಸುತ್ತ ತಿನ್ನುತ್ತಿದ್ದೆವು. ಜಗಳವಿಲ್ಲದ ದಿನವೇ ಇರಲಿಲ್ಲ. ಯಂತ್ರ ಬಹಳ ಸಲ ಸರಿ ಇರುತ್ತಿತ್ತು. ಅದು ತಪ್ಪುತ್ತಿದ್ದ ಕಡೆ ನಾವು ತಪ್ಪುತ್ತಿರಲಿಲ್ಲ, ನಾವು ತಪ್ಪುತ್ತಿದ್ದ ಕಡೆ ಅದು ತಪ್ಪುತ್ತಿರಲಿಲ್ಲ. ಬೇರೆ ಬೇರೆ ಥರದ ದಡ್ಡರು ಒಟ್ಟಿಗೆ ಕೂರಬೇಕು, ಅಷ್ಟೇ ಉಪಾಯ ಎನ್ನುತ್ತಿದ್ದರು ಅವರು.

ಕೊನೆಯ ವಾರದ ಒಂದು ಪಟ. ಮೇಲಿನ ಹೊಳೆಯ ಒಂದು ಶಿಬಿರದಿಂದ ಬಂದದ್ದು, ಬಸುರಿ ಹೆಂಗಸಿನದು.

"ಇದೆ," ಎಂದೆ.

"ಎಲ್ಲಿದೆ? ಅದು ನೆರಳು."

"ನೆರಳಿಗೆ ಅಂಚು ಇರಲ್ಲ ಮಿಸ್ಟರ್ ಪೆಡ್ರೊ. ಇದಕ್ಕೆ ಅಂಚಿದೆ."

"ನಲವತ್ತು ವರ್ಷ ನೋಡಿದೀನಿ ಮಿಸ್ ವೇವ್ನಿ."

"ಅದಕ್ಕೇ ಸವೆದುಹೋಗಿದೆ ನಿಮ್ಮ ಕಣ್ಣು."

ಅವರು ಸಿಟ್ಟಿನಿಂದ ಹಾಳೆ ಎತ್ತಿದರು. ಯಂತ್ರವೂ 'ಇಲ್ಲ' ಎಂದಿತ್ತು. ಇಬ್ಬರು ಒಂದು ಕಡೆ, ನಾನೊಬ್ಬಳು ಒಂದು ಕಡೆ. ಹಳೆಯ ಅಭ್ಯಾಸ ನಾಲಿಗೆಯ ತುದಿಗೆ ಬಂತು: ಸರಿ ಬಿಡಿ, ನನಗೇ ತಪ್ಪು ಕಂಡಿರಬೇಕು ಎಂದುಬಿಟ್ಟರೆ ಮುಗಿಯಿತು, ಊಟಕ್ಕೆ ಏಳಬಹುದು.

"ನಂಗೆ ಕಾಣ್ತಿದೆ," ಎಂದೆ.

ಅವರು ಎಡಗಣ್ಣು ಮುಚ್ಚಿ ನನ್ನನ್ನೇ ನೋಡಿದರು. ಆಮೇಲೆ ಆ ಶಿಬಿರಕ್ಕೆ ಫೋನು ಮಾಡಿ, ಹೆಂಗಸನ್ನು ದೋಣಿಯಲ್ಲಿ ಕರೆತನ್ನಿ, ರಕ್ತ ನೋಡಬೇಕು ಎಂದರು. ಆ ಕಡೆಯವನು, ನಾನೂ ಫೋನೂ ಇಲ್ಲ ಅಂದಿದೀವಲ್ಲ ಮತ್ತೆ ಯಾಕೆ ಎಂದು ಗೊಣಗಿದ್ದು ನನಗೂ ಕೇಳಿಸಿತು.

"ಒಬ್ಬಳು ಇದೆ ಅಂದಿದಾಳೆ," ಎಂದರು ಪೆಡ್ರೊ, "ಅಷ್ಟು ಸಾಕು."

ಮೆಟ್ಟಿಲ ಮೇಲೆ ಕೂತು ಕಾದೆವು. ಮಿಸ್ ಫಿಲೊಮಿನಾ ತಂದ ತೂಮ ಆರಿಹೋಯಿತು. ಮೂರು ಗಂಟೆ ಕಳೆದ ಮೇಲೆ ನದಿಯ ತಿರುವಿನಲ್ಲಿ ದೋಣಿಯ ಯಂತ್ರದ ಸದ್ದು ಕೇಳಿತು. ಇಬ್ಬರೂ ಒಟ್ಟಿಗೇ ಎದ್ದು ನಿಂತೆವು.